ಅಪ್ಪನ ಬಸ್ಸಿಗೆ ಒಂದು ಏರ್‌ಬ್ರಷ್

“ಇದನ್ನು ಗುಜರಿಗೆ ಹಾಕುವುದಾ, ಇಡುವುದಾ?”

ಕಪಾಟು ಖಾಲಿ ಮಾಡುತ್ತಿದ್ದ ಹೆಂಡತಿ ಕೇಳಿದಳು. ಅವಳ ಕೈಯಲ್ಲಿದ್ದದ್ದು ಪೆನ್ನಿನಷ್ಟು ಉದ್ದದ ಒಂದು ಲೋಹದ ಕೊಳವೆ. ಮೂತಿ ಚೂಪು, ಬೆನ್ನಿನ ಮೇಲೊಂದು ಗುಂಡಿ, ಹೊಟ್ಟೆಯ ಕೆಳಗೆ ನೇತಾಡುವ ಸಣ್ಣದೊಂದು ಗಾಜಿನ ಕುಪ್ಪಿ.

“ಎಂತದ್ದು ಇದು? ದನಕ್ಕೆ ಇಂಜೆಕ್ಷನ್ ಚುಚ್ಚುವುದಾ?”

“ಏರ್‌ಬ್ರಷ್. ಗಾಳಿಯಲ್ಲಿ ಬಣ್ಣ ಊದುವುದು.”

“ಯಾವುದಕ್ಕೆ ಊದಿದ್ದು ನೀವು?”

ಇಂಥ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಹೇಳಬಲ್ಲವನಾಗಿದ್ದರೆ ನಾನು ಮೂವತ್ತು ವರ್ಷ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿರಲಿಲ್ಲ. ಅವಳು ಉತ್ತರಕ್ಕೆ ಕಾಯಲೂ ಇಲ್ಲ. ಹಾಗಾಗಿ ನಿಮಗೆ ಹೇಳುತ್ತೇನೆ. ಆದರೆ ಒಂದು ಮಾತು. ನಾನು ಹೇಳುವುದನ್ನೆಲ್ಲ ನೀವು ಹಾಗೆಯೇ ನಂಬಬೇಕಾಗಿಲ್ಲ. ಭೌತಶಾಸ್ತ್ರ ಓದಿದವನಿಗೆ ಪ್ರಮಾಣ ಕೇಳುವ ಚಟ ಹತ್ತುತ್ತದೆ. ಆ ಚಟ ಬಲಿತ ಮೇಲೆ ಅದು ಮೊದಲು ಕಚ್ಚುವುದು ಸ್ವಂತ ನೆನಪನ್ನು. ನನ್ನ ನೆನಪು ಎಷ್ಟೋ ಸಲ ಕಟಕಟೆಯಲ್ಲಿ ನಿಂತು ಸುಳ್ಳು ಹೇಳಿ ಸಿಕ್ಕಿಬಿದ್ದಿದೆ.

ಬಸ್ಸು ಮಾತ್ರ ಇತ್ತು. ಅದಕ್ಕೆ ಸಾಕ್ಷಿಗಳಿದ್ದಾರೆ.

ನನ್ನ ಅಪ್ಪ ಬಸ್ಸಿನ ಡ್ರೈವರ್ ಆಗಿದ್ದರು. ಕಾಪು, ಉಡುಪಿ, ಕಾರ್ಕಳ. ಮತ್ತೆ ಕಾರ್ಕಳ, ಉಡುಪಿ, ಕಾಪು. ಅವರ ಭೂಗೋಳ ಅಷ್ಟೇ. ಬಸ್ಸಿನ ಧಣಿ ಉಡುಪಿಯಲ್ಲಿದ್ದರು, ಆದರೆ ಕಾಪುವಿನಲ್ಲಿ ಎಲ್ಲರೂ ಅದನ್ನು ಅಪ್ಪನ ಹೆಸರಿನಲ್ಲೇ ಕರೆಯುತ್ತಿದ್ದರು. ರಜೆಯಲ್ಲಿ ನಾನೂ ಅಕ್ಕನೂ ಡ್ರೈವರ್ ಸೀಟಿನ ಹಿಂದಿನ ಬೆಂಚಿನಲ್ಲಿ ಕೂತು ಸುಮ್ಮನೆ ಹೋಗಿ ಬರುತ್ತಿದ್ದೆವು. ಮಾಡಿನ ಮೇಲೆ, ಅಂದರೆ ಬಸ್ಸಿನ ಚಾವಣಿಯಲ್ಲಿ, ಮೀನಿನ ಬುಟ್ಟಿ. ಅದರ ನೀರು ಕಿಟಕಿಯ ಪಕ್ಕ ಕೂತವರ ಹೆಗಲಿಗೆ. ಎಂಜಿನ್ನಿನ ಮುಚ್ಚಳದ ಮೇಲೆ ಬಾಳೆಲೆಯಲ್ಲಿ ಕಟ್ಟಿದ ಶಂಕರಪುರದ ಮಲ್ಲಿಗೆ. ಹೂವು ಬಾಡದಂತೆ ಉಡುಪಿಗೆ ಮುಟ್ಟಿಸುವುದು ಅಪ್ಪನ ಮರ್ಯಾದೆಯ ಪ್ರಶ್ನೆ.

ನಾನು ಓದು ಮುಗಿಸಿ ಮಣಿಪಾಲದ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಅಪ್ಪನ ಕಣ್ಣು ಮಂದವಾಗತೊಡಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಪರೀಕ್ಷೆ ಮಾಡಿದ ಡಾಕ್ಟರು ನನ್ನನ್ನು ಬದಿಗೆ ಕರೆದು, “ಕಣ್ಣಿನ ನರ ಒಣಗುತ್ತಾ ಉಂಟು. ಮದ್ದು ಹಾಕಿದರೆ ನಿಧಾನ ಆದೀತು, ಹೋದದ್ದು ಬರುವುದಿಲ್ಲ” ಎಂದರು. ಅಪ್ಪ ಸ್ಟಿಯರಿಂಗ್ ಬಿಟ್ಟರು. ಸ್ವಲ್ಪ ಸಮಯದಲ್ಲೇ ಬಸ್ಸಿನದ್ದೂ ಮುಗಿಯಿತು. ಧಣಿಗಳು ಅದನ್ನು ಗುಜರಿಗೆ ಕೊಟ್ಟರು. ಅಪ್ಪ ಜಗಲಿಯಲ್ಲಿ ಕೂತು ಹೆದ್ದಾರಿಯ ಕಡೆಗೆ ಕಿವಿ ಕೊಡುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಮಾತಾಡಿಸಿದರೆ ಒಂದು ಶಬ್ದ. ಎಷ್ಟೋ ಸಲ ಅದೂ ಇಲ್ಲ.

ಆ ಬಸ್ಸನ್ನು ಮರದಲ್ಲಿ ಚಿಕ್ಕದಾಗಿ ಮಾಡಿ, ಅವರ ಕಣ್ಣು ಪೂರ್ತಿ ಹೋಗುವುದರೊಳಗೆ ಕೈಗೆ ಕೊಡಬೇಕು ಅನ್ನಿಸಿತು. ಅವರು ನೋಡಿ, “ಓ, ನಮ್ಮದು” ಅನ್ನಬೇಕು. ನನಗೆ ಬೇಕಾದದ್ದು ಅಷ್ಟೇ.

ಮರದ ಕೆಲಸ ಪರವಾಗಿಲ್ಲ ಎನ್ನುವಂತೆ ಬಂತು. ಕಿಟಕಿಗಳು, ಏಣಿ, ಮಾಡಿನ ಕ್ಯಾರಿಯರ್, ಎಲ್ಲ ಇತ್ತು. ಹೊಲಸಾದದ್ದು ಬಣ್ಣ. ಅಂಗಡಿಯಿಂದ ಎನಾಮೆಲ್ ತಂದು ಒಳ್ಳೆಯ ಕುಂಚದಲ್ಲೇ ಬಳಿದೆ. ಒಣಗಿದ ಮೇಲೆ ನೋಡಿದರೆ ಹಿಡಿಸೂಡಿಯಲ್ಲಿ ಸಗಣಿ ಸಾರಿಸಿದ ಅಂಗಳದ ಹಾಗೆ ಉದ್ದಕ್ಕೂ ಗೆರೆ. ಉಜ್ಜಿ ತೆಗೆದೆ. ಮತ್ತೆ ಬಳಿದೆ. ಮತ್ತೆ ಅಂಗಳ. ಆಗ ನಮ್ಮ ಕಾಲೇಜಿನಲ್ಲಿದ್ದ ಒಬ್ಬ ಮಲೇಶಿಯಾದ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಪ್ಲಾಸ್ಟಿಕ್ ವಿಮಾನ ಜೋಡಿಸುತ್ತಿದ್ದ. ಅವನ ವಿಮಾನದ ಮೈ ಮೊಟ್ಟೆಯ ಹಾಗೆ ನುಣುಪು. ಏರ್‌ಬ್ರಷ್ ಎಂಬ ಹೆಸರನ್ನು ನಾನು ಕೇಳಿದ್ದು ಅವನ ಬಾಯಿಯಿಂದ. ತಾನು ಓದಿ ಮುಗಿಸಿದ ಒಂದಷ್ಟು ಪತ್ರಿಕೆಗಳನ್ನು ನನಗೆ ಕೊಟ್ಟು ನನ್ನ ನೆಮ್ಮದಿ ಕೆಡಿಸಿದ ಪುಣ್ಯಾತ್ಮನೂ ಅವನೇ.

ಏರ್‌ಬ್ರಷ್ಷಿನಲ್ಲಿ ಎರಡು ಜಾತಿ. ಒಂದರಲ್ಲಿ ಗುಂಡಿ ಒತ್ತಿದರೆ ಗಾಳಿಯೂ ಬಣ್ಣವೂ ಒಟ್ಟಿಗೇ ಬರುತ್ತವೆ. ಇನ್ನೊಂದರಲ್ಲಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎಷ್ಟು ಎಳೆಯುತ್ತೀರೋ ಅಷ್ಟು. ಮೊದಲನೆಯದು ಸಿಂಗಲ್ ಆ್ಯಕ್ಷನ್, ಎರಡನೆಯದು ಡಬಲ್. ಅದು ಸಾಲದು ಎಂದು ಬಣ್ಣದ ಬಟ್ಟಲು ಮೇಲಿರಬೇಕೋ, ಕುಪ್ಪಿಯಾಗಿ ಕೆಳಗೆ ನೇತಾಡಬೇಕೋ ಎಂಬುದು ಬೇರೆ ವ್ಯಾಜ್ಯ. ಒಂದು ಪತ್ರಿಕೆ ಹೊಸಬರು ಸಿಂಗಲ್ಲೇ ಹಿಡಿಯಬೇಕು ಎಂದಿತು. ಇನ್ನೊಂದು, ಸಿಂಗಲ್ ಹಿಡಿದ ಕೈ ಕೆಟ್ಟೇ ಹೋಯಿತು ಎಂದಿತು. ಬಟ್ಟಲು ಮೇಲಿದ್ದರೆ ಕಡಿಮೆ ಗಾಳಿ ಸಾಕು ಎಂದು ಒಬ್ಬ. ಅದು ಚೆಲ್ಲುತ್ತದೆ ಎಂದು ಅದೇ ಪುಟದಲ್ಲಿ ಇನ್ನೊಬ್ಬ. ನಾನು ಒಂದು ಇಡೀ ಮಳೆಗಾಲ ಇದನ್ನು ತೂಗಿದೆ. ಕೈಯಲ್ಲಿ ಎಂದೂ ಹಿಡಿಯದ, ಉಡುಪಿಯಿಂದ ಮಂಗಳೂರಿನವರೆಗೆ ಒಂದು ಅಂಗಡಿಯಲ್ಲೂ ಸಿಗದ ವಸ್ತುವಿನ ಗುಣದೋಷಗಳ ಬಗ್ಗೆ ನನ್ನಷ್ಟು ತಿಳಿದವನು ಆಗ ಈ ಕರಾವಳಿಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಉಡುಪಿಯ ಒಂದು ಫೋಟೊ ಸ್ಟುಡಿಯೊದಲ್ಲಿ ಅಂಥದ್ದೊಂದು ಉಂಟು ಎಂದು ಯಾರೋ ಹೇಳಿದರು. ಹೋದೆ. ಸ್ಟುಡಿಯೊದ ಮಾಲೀಕರು ಅದನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಿದ್ದರು. ಬಿಚ್ಚಿ ತೋರಿಸಿದರು; ಮುಟ್ಟಲು ಬಿಡಲಿಲ್ಲ.

“ಇದರಲ್ಲಿ ಎಂತ ಮಾಡ್ತೀರಿ?” ಎಂದು ಕೇಳಿದೆ.

“ಹುಡುಗಿಯರನ್ನು ಬೆಳ್ಳಗೆ ಮಾಡ್ತೇನೆ” ಎಂದರು. ಮದುವೆ ಮಾತುಕತೆಗೆ ಕಳಿಸುವ ಫೋಟೊಗಳ ಮೇಲೆ ಅವರ ಕೈಚಳಕ.

“ಸಿಂಗಲ್ಲಾ, ಡಬಲ್ಲಾ?”

“ಗೊತ್ತಿಲ್ಲ.”

“ಹಾಗಾದರೆ ಯಾವುದು ಒಳ್ಳೆಯದು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಇರುವುದು ಒಳ್ಳೆಯದು” ಎಂದು ಬಟ್ಟೆ ಸುತ್ತಿದರು.

ಹೋದದ್ದು ವ್ಯರ್ಥವಾಗದಿರಲಿ ಎಂದು ಅಪ್ಪ ಬಸ್ಸಿನ ಎದುರು ನಿಂತ ಒಂದೇ ಒಂದು ಹಳೆಯ ಕಪ್ಪುಬಿಳುಪು ಫೋಟೊವನ್ನು ತೋರಿಸಿ, ಬಸ್ಸಿನ ಬಣ್ಣ ಯಾವುದಿರಬಹುದು, ಬೂದು ಛಾಯೆ ನೋಡಿ ಹೇಳಲಾದೀತೇ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿ, “ಯಾವ ಬಣ್ಣ ಬೇಕು ಹೇಳಿ, ಹಾಕಿ ಕೊಡುವ” ಎಂದರು. ಚರಿತ್ರೆ ಬರೆಯುವವರೆಲ್ಲ ಇಷ್ಟು ಪ್ರಾಮಾಣಿಕರಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಹೌದು, ಬಣ್ಣವೇ ಗೊತ್ತಿರಲಿಲ್ಲ. ಅಂದರೆ ನನಗೆ ಗೊತ್ತಿತ್ತು: ಹಸಿರು, ನಡುವೆ ಹಾಲಿನ ಕೆನೆಯಂಥ ಪಟ್ಟಿ. ಆದರೆ ನನಗೆ ಗೊತ್ತಿರುವುದು ಎಷ್ಟು ಸಲ ಸುಳ್ಳಾಗಿದೆ ಎಂದು ಮೊದಲೇ ಹೇಳಿದೆ. ಅಮ್ಮನನ್ನು ಕೇಳಿದರೆ “ಕೆಸರಿನ ಬಣ್ಣ” ಎಂದರು. ಅಪ್ಪನನ್ನು ಕೇಳುವಂತಿಲ್ಲ, ಕೇಳಿದರೆ ಗುಟ್ಟು ರಟ್ಟು. ಒಂದು ಭಾನುವಾರ ಕಾರ್ಕಳಕ್ಕೆ ಹೋಗಿ, ಅಲ್ಲಿಗೆ ಮದುವೆಯಾಗಿ ಹೋಗಿದ್ದ ಅಕ್ಕನನ್ನು ಕೇಳಿದೆ.

“ನೀಲಿ ಮಾರಾಯ!” ಎಂದಳು ಅಕ್ಕ, ಒಂದು ಕ್ಷಣವೂ ಯೋಚಿಸದೆ. “ನನ್ನ ಮದುವೆ ದಿಬ್ಬಣ ಅದೇ ಬಸ್ಸಿನಲ್ಲಿ ಬಂದದ್ದಲ್ವಾ? ನನ್ನ ಸೀರೆಗೂ ಬಸ್ಸಿಗೂ ಒಂದೇ ಬಣ್ಣ ಅಂತ ಎಲ್ಲ ನಗಾಡಿದ್ದು ನೆನಪಿಲ್ವಾ ನಿನಗೆ?”

“ಇಲ್ಲ.”

“ನಿಲ್ಲು.” ಪೆಟ್ಟಿಗೆಯ ತಳದಿಂದ ಸೀರೆ ತಂದು ನನ್ನ ಮುಖಕ್ಕೆ ಹಿಡಿದಳು. “ನೋಡು!”

ನೋಡಿದೆ. “ಅಕ್ಕ, ಇದು ನೇರಳೆ.”

“ಇದು ನೇರಳೆಯಾ? ಓದಿ ಓದಿ ನಿನಗೂ ಅಪ್ಪನ ಕಣ್ಣೇ ಬಂದಿದೆ” ಎಂದು ಸೀರೆ ಮಡಚಿದಳು. ಊಟಕ್ಕೆ ಬಡಿಸುವಾಗಲೂ ಮುಖ ಊದಿಸಿಕೊಂಡೇ ಇದ್ದಳು. ಹೊರಡುವಾಗ ಮೆಲ್ಲಗೆ, “ಅಪ್ಪನಿಗೆ ಎಷ್ಟು ಕಾಣ್ತದೆ ಈಗ?” ಎಂದಳು. “ಹತ್ತಿರ ಹಿಡಿದರೆ ಕಾಣ್ತದೆ” ಎಂದೆ. “ಹಾಗಾದರೆ ಬೇಗ ಮಾಡು. ಹಸಿರಾದರೆ ಹಸಿರು” ಎಂದಳು.

ಬೇಗ ಮಾಡಲು ಏರ್‌ಬ್ರಷ್ ಬೇಕಲ್ಲ! ಕೊನೆಗೂ ಡಬಲ್ ಆ್ಯಕ್ಷನ್, ಬಟ್ಟಲು ಮೇಲೆ ಎಂದು ತೀರ್ಮಾನಿಸಿದ್ದೆ. ತರಿಸುವುದು ದುಬೈಯಿಂದ. ಅಲ್ಲಿ ನನ್ನ ಬಾಲ್ಯದ ಗೆಳೆಯ ಹಮೀದ್ ಇದ್ದ; ಅವನ ಮನೆ ನಮ್ಮ ಮನೆಯಿಂದ ಎರಡು ಗೇಟು ಆಚೆ.

ಗಲ್ಫಿಗೆ ಹೋದವರ ಮನೆಯಿಂದ ಆಗ ಕ್ಯಾಸೆಟ್ ಹೋಗುತ್ತಿತ್ತು. ಬರೆಯಲು ಬೇಸರ, ಫೋನಿಗೆ ಪೇಟೆಗೆ ಹೋಗಬೇಕು. ಆದ್ದರಿಂದ ಮನೆಯವರೆಲ್ಲ ಟೇಪ್‌ರೆಕಾರ್ಡರಿನ ಸುತ್ತ ಕೂತು ಸರದಿಯಂತೆ ಮಾತಾಡುವುದು. ಊರಿಗೆ ಬಂದು ಹೋಗುವವರ ಕೈಯಲ್ಲಿ ಅದನ್ನು ಕಳಿಸುವುದು. ಅತ್ತ ಅವನು ಕೋಣೆಯಲ್ಲಿ ಹಾಕಿಕೊಂಡು ಕೇಳುವುದು. ಹಮೀದನ ತಂಗಿಯ ಮದುವೆ ಗೊತ್ತಾಗಿತ್ತು, ಅದಕ್ಕೆ ಅವನು ಬರುವವನಿದ್ದ. ಕ್ಯಾಸೆಟ್ ತುಂಬುವ ದಿನ ನಾನೂ ಹೋದೆ. ಅವನ ತಾಯಿ ಬೀಫಾತುಮ್ಮ ಚಾಪೆಯ ಮೇಲೆ ಕೂತು ಮೈಕಿನ ತೂತಿಗೆ ಬಾಯಿ ಇಟ್ಟು, ಮದುವೆಗೆ ಏನೇನು ತರಬೇಕೆಂದು ಹೇಳುತ್ತಿದ್ದರು. ಬಂದವರಿಗೆ ಪನ್ನೀರು ಚಿಮುಕಿಸುವ ಮನೆಯ ಹಳೆಯ ದಾನಿ ಸೋರುತ್ತದೆ, ಬೀಗರ ಬಿಳಿ ಅಂಗಿಗೆ ಕಲೆಯಾದರೆ ಮಾನ ಹೋಗುತ್ತದೆ ಎಂಬಲ್ಲಿಗೆ ಬಂದಿತ್ತು ಅವರ ಮಾತು. ನನ್ನನ್ನು ಕಂಡು ನಿಲ್ಲಿಸಿದರು.

“ಮಾಷ್ಟ್ರೇ, ನೀವು ಬೇಗ ಹೇಳಿ ಮುಗಿಸಿ. ಟೇಪು ಮುಗೀಲಿಕ್ಕಾಯ್ತು. ನನಗೆ ಇನ್ನೂ ಅಳ್ಲಿಕ್ಕೆ ಬಾಕಿ ಉಂಟು.”

ನಾನು ತರಗತಿಯಲ್ಲಿ ಹೇಳುವ ಹಾಗೆ ಪೀಠಿಕೆಯಿಂದ ಶುರು ಮಾಡಿದೆ. ಏರ್‌ಬ್ರಷ್ ಎಂದರೇನು, ಅಪ್ಪನ ಬಸ್ಸಿಗೆ ಅದು ಯಾಕೆ ಬೇಕು, ಡಬಲ್ ಎಂದರೇನು, ಸಿಂಗಲ್ ಯಾಕೆ ಕೂಡದು. ಕೊನೆಗೆ, ಅದು ಮಾಡಬೇಕಾದ ಕೆಲಸದ ವರ್ಣನೆ: ದೂರದಿಂದ ಹೊಡೆದರೂ ಮಂಜಿನ ಹಾಗೆ ಕೂರಬೇಕು, ಹನಿ ಬೀಳಬಾರದು, ಕಲೆಯಾಗಬಾರದು.

ನಾನು ಹೋದ ಮೇಲೆ ಬೀಫಾತುಮ್ಮನಿಗೆ ಅಳಲು ಟೇಪು ಸಾಲಲಿಲ್ಲ. ಹಿಂದಕ್ಕೆ ಸುತ್ತಿ, ನನ್ನ ಪೀಠಿಕೆಯ ಮೇಲೆ ಅತ್ತರು. ತಾಯಿಯ ಅಳು ಮುಖ್ಯವೋ ನನ್ನ ಪೀಠಿಕೆಯೋ, ನೀವೇ ಹೇಳಿ. ಆದರೆ ಪರಿಣಾಮ ಏನಾಯಿತು ನೋಡಿ. ದುಬೈಯ ಕೋಣೆಯಲ್ಲಿ ಹಮೀದ್ ಕೇಳಿದ್ದು ಇಷ್ಟು: ಮನೆಯ ಪನ್ನೀರುದಾನಿ ಸೋರುತ್ತದೆ, ಬೀಗರ ಅಂಗಿಗೆ ಕಲೆಯಾಗುತ್ತದೆ, ಆಮೇಲೆ ಸ್ವಲ್ಪ ಹೊತ್ತು ಉಮ್ಮನ ಅಳು, ಆಮೇಲೆ ನನ್ನ ಗಂಭೀರ ಧ್ವನಿ, “ದೂರದಿಂದ ಹೊಡೆದರೂ ಮಂಜಿನ ಹಾಗೆ ಕೂರಬೇಕು. ಹನಿ ಬೀಳಬಾರದು. ಕಲೆಯಾಗಬಾರದು.”

ಮದುವೆಯ ದಿನ ಚಪ್ಪರದ ಬಾಗಿಲಲ್ಲಿ ಹೊಸ ಸೂಟು ತೊಟ್ಟ ಹಮೀದ್ ನಿಂತಿದ್ದ. ಅವನ ಕೈಯಲ್ಲಿ ಏರ್‌ಬ್ರಷ್ ಹೊಳೆಯುತ್ತಿತ್ತು. ಒಳಗೆ ಹೋಗುವ ಒಬ್ಬೊಬ್ಬರ ಎದೆಗೂ ಗುರಿಯಿಟ್ಟು ಅತ್ತರು ಊದುತ್ತಿದ್ದ. ಬೀಗರು ಸಾಲಾಗಿ ನಿಂತು ಊದಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡವನೇ ನನ್ನ ಮುಖಕ್ಕೇ ಬಿಟ್ಟ.

“ಬಾ ಮಾರಾಯ! ನೀನು ಹೇಳಿದ್ದನ್ನೇ ಅಂಗಡಿಯವನಿಗೆ ಹೇಳಿದೆ, ಈ ಸಾಮಾನು ಕೊಟ್ಟ. ಎಂತಾ ತಲೆ ನಿನ್ನದು! ಒಬ್ಬರ ಅಂಗಿಗೂ ಕಲೆ ಇಲ್ಲ.”

ಕಣ್ಣು ಉಜ್ಜಿಕೊಂಡು ನೋಡಿದೆ. ಕುಪ್ಪಿ ಕೆಳಗಿತ್ತು. ಗುಂಡಿ ಹಿಂದಕ್ಕೆ ಹೋಗುತ್ತಿರಲಿಲ್ಲ.

“ಹಮೀದ್, ಇದು ಸಿಂಗಲ್ ಆ್ಯಕ್ಷನ್!”

“ಒತ್ತಿದರೆ ಬರ್ತದೆ. ಡಬಲ್ ಎಂತಕ್ಕೆ?”

“ಇದು ಬಣ್ಣ ಹೊಡೀಲಿಕ್ಕೆ ಇರುವುದು. ಅಪ್ಪನ ಬಸ್ಸಿಗೆ!”

“ಬಸ್ಸಿಗಾ?” ಅವನಿಗೆ ನಿಜವಾಗಿಯೂ ಗೊಂದಲವಾಯಿತು. “ಬಸ್ಸಿಗೆ ಯಾರಾದರೂ ಅತ್ತರು ಹೊಡೀತಾರಾ?”

ವಿವರಿಸಿದ ಮೇಲೆ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುರ್ಚಿಯಲ್ಲಿ ಕೂತ. “ನಿನ್ನ ಅಪ್ಪನಿಗಾ? ಮೊದಲೇ ಹೇಳ್ಬಾರ್ದಾ?” ಎಂದ. ಮೊದಲೇ ಹೇಳಿದ್ದೆ, ಅದರ ಮೇಲೆ ಅವನ ಉಮ್ಮ ಅತ್ತಿದ್ದರು. ಮರುದಿನ ತೊಳೆದು ಒರೆಸಿ ತಂದುಕೊಟ್ಟ. ಅದರೊಟ್ಟಿಗೆ ಬಂದಿದ್ದ ಗಾಳಿ ತುಂಬಿದ ಡಬ್ಬಿಗಳು ಮಾತ್ರ ಬೀಗರ ಎದೆಯ ಮೇಲೆ ಖರ್ಚಾಗಿ ಹೋಗಿದ್ದವು.

ಗಾಳಿಗೆ ಲಾರಿಯ ಹಳೆಯ ಟ್ಯೂಬ್ ತಂದೆ. ಹೆದ್ದಾರಿ ಬದಿಯ ಪಂಚರ್ ಅಂಗಡಿಯಲ್ಲಿ ಅದನ್ನು ತುಂಬಿಸಿ, ಹೆಬ್ಬಾವನ್ನು ಹೊತ್ತಂತೆ ಹೆಗಲ ಮೇಲೆ ಹೊತ್ತು ಮನೆಯ ಹಿಂದಿನ ಕೊಟ್ಟಿಗೆಗೆ ತರುವುದು; ಟ್ಯೂಬಿನ ಬಾಯಿಗೆ ಕೊಳವೆ ಸಿಕ್ಕಿಸಿ ಬಣ್ಣ ಊದುವುದು; ಗಾಳಿ ಮುಗಿದರೆ ಮತ್ತೆ ಹೊರುವುದು. ದಾರಿಯಲ್ಲಿ ಸಿಕ್ಕಿದ ವಿದ್ಯಾರ್ಥಿಗಳು ನಮಸ್ಕಾರ ಮಾಡುವಾಗ ಯಾವ ಮುಖ ಇಟ್ಟುಕೊಳ್ಳಬೇಕೆಂದು ನನಗೆ ಈಗಲೂ ತಿಳಿಯದು. ಕೊಟ್ಟಿಗೆಯಲ್ಲಿ ‘ಸ್ಸ್’ ಎಂದು ಶಬ್ದವಾದರೆ ಸಾಕು, ಒಂದು ಶಬ್ದಕ್ಕೂ ಬಾಯಿ ಬಿಡದ ಅಪ್ಪ ಜಗಲಿಯಿಂದ ಕೂಗುತ್ತಿದ್ದರು:

“ಗಾಳಿ ಹೋಗ್ತಾ ಉಂಟು! ಹಿಂದಿನ ಟಯರಾ, ಮುಂದಿನದ್ದಾ?”

“ಎಂತ ಇಲ್ಲಪ್ಪ!”

“ಎಂತ ಇಲ್ಲ ಅಂದರೆ ಹೇಗೆ? ಹೋಗ್ತಾ ಉಂಟು!”

(ಅಪ್ಪ ಹೇಳಿದ್ದು ತುಳುವಿನಲ್ಲಿ. ಕನ್ನಡ ಮಾಡಿದವನು ನಾನು. ಅಲ್ಲಿಯೂ ಒಂದಿಷ್ಟು ಸೋರಿರಬಹುದು.)

ಹಸಿರು ಕೂತಿತು. ಒಣಗುವಾಗ ನೋಡಿದರೆ ಮೈತುಂಬ ಸಣ್ಣ ಸಣ್ಣ ಗುಳಿ, ಸಿಡುಬು ಬಂದು ಹೋದ ಮುಖದ ಹಾಗೆ. ಕಾರಣ ಪತ್ರಿಕೆಯಲ್ಲೇ ಇತ್ತು: ಕೊಳವೆಯೊಳಗೆ ಒಂದು ಹನಿ ಎಣ್ಣೆಯ ಅಂಶ ಇದ್ದರೂ ಬಣ್ಣ ಅದರಿಂದ ದೂರ ಸರಿದು ಗುಳಿ ಬೀಳುತ್ತದೆ. ಅತ್ತರೆಂದರೆ ಎಣ್ಣೆಯೇ. ಥಿನ್ನರಿನಲ್ಲಿ ತೊಳೆದೆ, ಸೀಮೆಎಣ್ಣೆಯಲ್ಲಿ ತೊಳೆದೆ, ಸೂಜಿ ಬಿಚ್ಚಿ ಸೋಪಿನ ನೀರಿನಲ್ಲಿ ಕುದಿಸಿದೆ. ಮತ್ತೆ ಊದಿದೆ. ಗುಳಿಗಳು ಕಡಿಮೆಯಾದವು; ವಾಸನೆ ಹೋಗಲೇ ಇಲ್ಲ. ಬಸ್ಸು ಮದುವೆಗೆ ಹೊರಟ ಮದುಮಗನ ಹಾಗೆ ಘಮಘಮಿಸುತ್ತಿತ್ತು. ಇನ್ನೊಮ್ಮೆ ಉಜ್ಜಿ ಬಳಿಯುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಸಮಯವೂ ಇರಲಿಲ್ಲ, ಆ ವಾರ ಅಪ್ಪ ಅಂಗಳದಲ್ಲಿ ಒಣಗುತ್ತಿದ್ದ ಬಟ್ಟೆಯನ್ನು ಅಮ್ಮನೆಂದು ತಿಳಿದು ಮಾತಾಡಿಸಿದ್ದರು.

ಮಾಡಿನ ಮೇಲಿನ ಬಣ್ಣ ಇನ್ನೂ ಸ್ವಲ್ಪ ಹಸಿ ಇರುವಾಗಲೇ ತಂದು ಅವರ ತೊಡೆಯ ಮೇಲಿಟ್ಟೆ.

“ಎಂತ ಇದು?”

“ಬಸ್ಸು.”

ಅಪ್ಪ ಬದಿಗಳನ್ನು ಸವರಿದರು. ಕಿಟಕಿಗಳನ್ನು ಎಣಿಸಿದರು. ಚಕ್ರ ತಿರುಗಿಸಿದರು. “ಒಳ್ಳೆದುಂಟು” ಎಂದರು. “ಯಾರದ್ದು ಇದು ಬಸ್ಸು?”

ನನಗೆ ಸಿಟ್ಟು ಬಂತು; ಯಾರ ಮೇಲೆ ಎಂದು ಹೇಳಲು ಬಾರದು. “ಬಣ್ಣ ನೋಡಿಯಪ್ಪ. ಹಸಿರು. ಬಣ್ಣ ಕಾಣ್ತದಲ್ವಾ? ನೆನಪಾಗುವುದಿಲ್ವಾ?”

“ಬಣ್ಣ?” ಅಪ್ಪನಿಗೆ ನನ್ನ ದಡ್ಡತನ ಕಂಡು ಆಶ್ಚರ್ಯವಾದಂತಿತ್ತು. “ನಾನು ಒಳಗೆ ಕೂತುಕೊಳ್ಳುವವ ಮಾರಾಯ. ಹೊರಗಿನ ಬಣ್ಣ ನಾನು ಯಾವಾಗ ನೋಡಿದ್ದು?”

ಒಂದು ಮಳೆಗಾಲದ ಚಿಂತನೆ, ಉಡುಪಿಯ ಸ್ಟುಡಿಯೊ, ಕಾರ್ಕಳದ ಸೀರೆ, ಎಲ್ಲ ಆ ಒಂದು ಮಾತಿಗೆ ಮುಗಿದವು. ಆದರೂ ನನ್ನ ಸಮಾಧಾನಕ್ಕಿರಬೇಕು, ಅವರು ಬಸ್ಸನ್ನು ಎತ್ತಿ ಕಣ್ಣಿನ ಹತ್ತಿರಕ್ಕೆ ತಂದರು. ಇನ್ನೂ ಹತ್ತಿರಕ್ಕೆ. ಮೂಗಿಗೆ ತಾಗುವಷ್ಟು. ಉಸಿರು ಒಳಗೆಳೆದರು.

“ಓ” ಎಂದರು. “ಇದು ನಮ್ಮದು. ಶುಕ್ರವಾರದ್ದು.”

“ಶುಕ್ರವಾರದ್ದಾ?”

“ಶುಕ್ರವಾರ ಮಧ್ಯಾಹ್ನದ ಟ್ರಿಪ್ಪು. ಮಸೀದಿಗೆ ಹೋಗುವವರೆಲ್ಲ ಸ್ನಾನ ಮಾಡಿ ಅತ್ತರು ಹಾಕಿ ಹತ್ತುವುದು. ಅವರು ಇಳಿದು ಹೋದರೂ ಬಸ್ಸು ಕಾರ್ಕಳದವರೆಗೆ ಹೀಗೇ. ಬೆಳಿಗ್ಗೆಯ ಮೀನಿನ ವಾಸನೆ ಎಲ್ಲ ಎಲ್ಲಿಗೋ! ನಾನು ಆ ಒಂದು ಟ್ರಿಪ್ಪಿನಲ್ಲಿ ಬೀಡಿ ಸಹ ಎಳೆಯುತ್ತಿರಲಿಲ್ಲ.” ಅಷ್ಟು ಉದ್ದದ ಮಾತು ಅವರ ಬಾಯಿಯಿಂದ ಬಂದದ್ದು ಕೇಳಿ ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅಪ್ಪ ಬಸ್ಸನ್ನು ತೊಡೆಯ ಮೇಲಿಟ್ಟು, ಹೊರಡಲು ಹೇಳುವ ಕಂಡಕ್ಟರ್ ತಟ್ಟುವ ಹಾಗೆ ಮಾಡಿನ ಮೇಲೆ ಎರಡು ಸಲ ತಟ್ಟಿದರು. “ರೈಟ್, ಪೋಯಿ” ಎಂದರು.

ಈಗ ಪ್ರಮಾಣ ಕೇಳುವ ನನ್ನ ಚಟದ ಮಾತು. ಅಮ್ಮ ಮೊದಲೇ ಬಸ್ಸಿನ ಗುಟ್ಟನ್ನು ಅವರ ಕಿವಿಯಲ್ಲಿ ಹೇಳಿರಬಹುದು. ಮಗ ಪೇಚಾಡುವುದನ್ನು ನೋಡಲಾರದೆ ಅಪ್ಪನೇ ಆ ಶುಕ್ರವಾರವನ್ನು ಕಟ್ಟಿರಬಹುದು. ಅಥವಾ ಇಷ್ಟು ವರ್ಷಗಳಲ್ಲಿ ನಾನೇ ಕಟ್ಟಿರಬಹುದು. ಅಕ್ಕನಂತೂ ಆ ದಿನ ತಾನೂ ಅಲ್ಲಿದ್ದೆ, ಬಸ್ಸು ನೀಲಿಯಾಗಿತ್ತು ಎನ್ನುತ್ತಾಳೆ.

ಬಸ್ಸು ನಮ್ಮ ಶೋಕೇಸಿನಲ್ಲಿದೆ. ಹಸಿರೇ. ಅದರ ಮಾಡಿನ ಮೇಲೆ, ಹಸಿ ಬಣ್ಣದಲ್ಲಿ ಒತ್ತಿ ಒಣಗಿದ ಎರಡು ಬೆರಳ ಗುರುತುಗಳಿವೆ. ಏರ್‌ಬ್ರಷ್ಷನ್ನು ಗುಜರಿಯ ಚೀಲದಿಂದ ವಾಪಸು ತೆಗೆದು ಬಸ್ಸಿನ ಪಕ್ಕದಲ್ಲಿಡುವಾಗ ಆ ಗುರುತುಗಳನ್ನು ಹೆಂಡತಿಗೆ ತೋರಿಸಿದೆ.

“ಇದು ನಿಮ್ಮದೇ ಬೆರಳಿರಬೇಕು” ಎಂದಳು. “ಬಣ್ಣ ಒಣಗುವವರೆಗೆ ಕಾಯುವ ತಾಳ್ಮೆ ನಿಮಗೆ ಯಾವಾಗ ಇತ್ತು? ಇಟ್ಟು ನೋಡಿ, ಸರಿ ಕೂರ್ತದಾ ಅಂತ.”

ಪರೀಕ್ಷೆ ಸುಲಭ. ಬೆರಳು ಇಟ್ಟರಾಯಿತು, ಒಂದು ಕ್ಷಣದ ಕೆಲಸ. ನಾನು ಶೋಕೇಸಿನ ಬಾಗಿಲು ಹಾಕಿದೆ.